ಮನೆಯ ವೈಫೈ ರೌಟರ್ ಮತ್ತು ಅದಕ್ಕೆ ಹಚ್ಚಿದ ಡಿಸ್ಕ್: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಕಳೆದ ಮಳೆಗಾಲದಲ್ಲಿ ಸಂಘದ ಕಚೇರಿಯಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇವೆ. ಗಡಿ ಹಳ್ಳಿಯ ಹಿರಿಯ ತಾಯಿಯೊಬ್ಬರು ಹಾಡಿದ ಬೀಸುವ ಪದ, ಸೋಬಾನೆ ಪದಗಳನ್ನು ನಮ್ಮ ಹುಡುಗರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಒಟ್ಟು 23 ಫೈಲು. ಅವನ್ನು ಕಚೇರಿಯ ರೌಟರಿಗೆ ಹಚ್ಚಿದ್ದ ಪೆನ್‌ಡ್ರೈವಿಗೆ ಹಾಕಿ, ಇನ್ನು ಕಚೇರಿಗೆ ಬಂದವರೆಲ್ಲ ಕೇಳಬಹುದು ಎಂದು ಸಮಾಧಾನಪಟ್ಟೆವು. ಒಂದು ಸಂಜೆ ಊರಿಗೆ ಹೋಗುವ ಬಸ್ಸಿನ ಅವಸರದಲ್ಲಿ, ಬೇರೆ ಫೈಲು ಇನ್ನೂ ಕಾಪಿ ಆಗುತ್ತಿರುವಾಗಲೇ, ಪೆನ್‌ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡೆವು. ಮರುದಿನ ಕಂಪ್ಯೂಟರಿಗೆ ಹಚ್ಚಿದರೆ ಅದು ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಿತು. ನಾವು ಹೌದು ಎಂದು ಒತ್ತಿದೆವು. ಎಲ್ಲವೂ ಹೋಯಿತು.

ಆ ತಾಯಿ ಅಷ್ಟರಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಉದಗೀರದ ಹುಡುಗನೊಬ್ಬ ತನ್ನ ಮೊಬೈಲಿನಿಂದ ಅಳಿಸದೆ ಇಟ್ಟಿದ್ದ 17 ಫೈಲು ಸಿಕ್ಕವು. ಉಳಿದ ಆರು ಪದಗಳನ್ನು ಮತ್ತೆ ಹಾಡುವವರು ಇಲ್ಲ. ತಪ್ಪು ಯಾರದೆಂದು ಹುಡುಕಬೇಕಾಗಿಲ್ಲ, ನಮ್ಮದೇ. ಮೂವತ್ತು ವರ್ಷ ದಫ್ತರಿನಲ್ಲಿ ಕಾಗದಪತ್ರ ಕಾಯ್ದವರು ನಾವು. ಆದರೆ ಈ ಪೆಟ್ಟಿಗೆಯ ರೀತಿ ಬೇರೆ ಎಂಬುದನ್ನು ಕಲಿತಿರಲಿಲ್ಲ. ಆಮೇಲೆ ಕುಳಿತು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ಈಗ ಬಹಳ ಸದಸ್ಯರ ಮನೆಗೆ ಫೈಬರ್ ಬಂದಿದೆ. ಮದುವೆಯ ಫೋಟೊ, ಹೊಲದ ಪಹಣಿ, ಮಕ್ಕಳ ಸರ್ಟಿಫಿಕೇಟು ಎಲ್ಲ ಡಿಸ್ಕಿಗೆ ಸೇರುತ್ತಿವೆ. ಆದ್ದರಿಂದ ಇದು ಎಲ್ಲರಿಗೂ ಉಪಯೋಗಕ್ಕೆ ಬಂದೀತು.

ರೌಟರ್ ಏನು ಮಾಡುತ್ತದೆ?

ಹಳೆಯ ಕಚೇರಿಯ ಆವಕ-ಜಾವಕ ಗುಮಾಸ್ತನನ್ನು ನೆನೆಯಿರಿ. ಹೊರಗಿನಿಂದ ಬಂದ ಟಪಾಲು ಅವನ ಮೇಜಿಗೇ ಬರುತ್ತದೆ. ಯಾವ ಕಾಗದ ಯಾರ ಟೇಬಲ್ಲಿಗೆ ಎಂದು ಅವನೇ ಹಂಚುತ್ತಾನೆ. ರೌಟರ್ ಮಾಡುವುದೂ ಇದನ್ನೇ. ಮನೆಯ ಪ್ರತಿ ಮೊಬೈಲು, ಟಿವಿ, ಕಂಪ್ಯೂಟರಿಗೆ ಒಂದೊಂದು ಒಳನಂಬರು ಕೊಡುತ್ತದೆ. ಹೊರಗಿನ ಜಗತ್ತಿಗೆ ಮಾತ್ರ ಇಡೀ ಮನೆ ಒಂದೇ ನಂಬರಿನಲ್ಲಿ ಕಾಣುತ್ತದೆ.

ಕೇಬಲ್‌ನವರು ಕೂರಿಸಿ ಹೋಗುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಯಂತ್ರಗಳು ಒಂದಾಗಿರುತ್ತವೆ. ಒಂದು ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತ ಮಾಡುವುದು, ಇನ್ನೊಂದು ರೌಟರು. ಮುಂದಿನ ದೀಪಗಳಲ್ಲಿ ‘ಲಾಸ್’ ಎಂಬುದು ಕೆಂಪಾಗಿ ಉರಿದರೆ ಅಥವಾ ಮಿನುಗಿದರೆ ಬೆಳಕೇ ನಿಮ್ಮ ಮನೆಗೆ ಬರುತ್ತಿಲ್ಲ ಎಂದರ್ಥ. ಎಲ್ಲಿಯೋ ತಂತಿ ಕಡಿದಿರಬಹುದು, ಮಡಚಿರಬಹುದು. ಆಗ ಪಾಸ್‌ವರ್ಡ್ ಬದಲಿಸಿ, ಪೆಟ್ಟಿಗೆ ಬಂದ್-ಚಾಲೂ ಮಾಡಿ ಪ್ರಯೋಜನವಿಲ್ಲ, ಕೇಬಲ್‌ನವರಿಗೆ ಫೋನ್ ಮಾಡಬೇಕು.

ಎರಡು ಕೀಲಿಗಳು, ಎರಡನ್ನೂ ಬದಲಿಸಿ

ಬಹಳ ಜನ ಸದಸ್ಯರು ರೌಟರಿಗೆ ಒಂದೇ ಪಾಸ್‌ವರ್ಡ್ ಇದೆ ಎಂದು ತಿಳಿದಿದ್ದಾರೆ. ಇರುವುದು ಎರಡು. ಮೊದಲನೆಯದು ವೈಫೈ ಕೀಲಿ. ಮನೆಗೆ ಬಂದ ಅಳಿಯಂದಿರು “ಕಾಕಾ, ಪಾಸ್‌ವರ್ಡ್ ಏನದ ರೀ?” ಎಂದು ಕೇಳುವುದು ಇದನ್ನು. ಎರಡನೆಯದು ಆಡಳಿತದ ಕೀಲಿ. ರೌಟರಿನ ಒಳಗೆ ಹೋಗಿ ವ್ಯವಸ್ಥೆ ಬದಲಿಸಲು ಬೇಕಾಗುವುದು ಇದು. ಮೊದಲನೆಯದು ಬಾಗಿಲ ಕೀಲಿ, ಎರಡನೆಯದು ತಿಜೋರಿ ಕೀಲಿ.

ಪೆಟ್ಟಿಗೆಯ ತಳದಲ್ಲಿರುವ ಚೀಟಿಯಲ್ಲಿ ಎರಡೂ ಅಚ್ಚಾಗಿರುತ್ತವೆ. ಎಷ್ಟೋ ಮಾಡೆಲ್ಲುಗಳಲ್ಲಿ ಆಡಳಿತದ ಹೆಸರೂ ಪಾಸ್‌ವರ್ಡೂ ಎರಡೂ ‘ಅಡ್ಮಿನ್’ ಎಂದೇ ಇರುತ್ತವೆ. ಇದು ಇಡೀ ಲೋಕಕ್ಕೆ ಗೊತ್ತು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಮು ಇಂಥ ಅರವತ್ತರಷ್ಟು ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದುಕೊಂಡು ಲಕ್ಷಾಂತರ ಕ್ಯಾಮೆರಾ, ರೌಟರುಗಳ ಒಳಗೆ ಹೊಕ್ಕಿತು. ಆ ವರ್ಷದ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳೇ ಕೆಲ ಗಂಟೆ ತೆರೆಯದಂತೆ ಮಾಡಿತು. ಪೆಟ್ಟಿಗೆಯ ಮಾಲೀಕರಿಗೆ ತಮ್ಮ ಯಂತ್ರ ಈ ಕೆಲಸಕ್ಕೆ ಬಳಕೆಯಾಯಿತೆಂಬ ಅರಿವೂ ಇರಲಿಲ್ಲ.

ಬದಲಿಸುವ ಕ್ರಮ ಹೀಗಿದೆ:

1. ಮೊಬೈಲನ್ನು ನಿಮ್ಮ ವೈಫೈಗೆ ಜೋಡಿಸಿ. ಸೆಟ್ಟಿಂಗ್ಸಿನಲ್ಲಿ ಆ ವೈಫೈ ಹೆಸರನ್ನು ಒತ್ತಿದರೆ ‘ಗೇಟ್‌ವೇ’ ಅಥವಾ ‘ರೌಟರ್’ ಎಂದು ಒಂದು ವಿಳಾಸ ಕಾಣುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ.
2. ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಆ ಅಂಕಿಗಳನ್ನು ಬರೆದು ಒಳಗೆ ಹೋಗಿ. ಇದಕ್ಕೆ ಇಂಟರ್ನೆಟ್ ಚಾಲೂ ಇರಬೇಕೆಂದಿಲ್ಲ.
3. ಮೊದಲು ಆಡಳಿತದ ಪಾಸ್‌ವರ್ಡ್ ಬದಲಿಸಿ. ಆಮೇಲೆ ವೈಫೈ ಕೀಲಿ.
4. ಸುರಕ್ಷೆಯ ಜಾಗದಲ್ಲಿ ‘ಡಬ್ಲ್ಯುಪಿಎ2’ ಅಥವಾ ‘ಡಬ್ಲ್ಯುಪಿಎ3’ ಆರಿಸಿ. ‘ಡಬ್ಲ್ಯುಇಪಿ’ ಬಹಳ ಹಳೆಯದು, ನಿಮಿಷಗಳಲ್ಲಿ ಮುರಿಯುತ್ತದೆ. ‘ಡಬ್ಲ್ಯುಪಿಎಸ್’ ಎಂಬುದನ್ನು ಬಂದ್ ಮಾಡಿ. ಎಂಟು ಅಂಕಿಗಳ ಅದರ ಪಿನ್ನು ಊಹೆಗೆ ಸಿಗುವಂಥದ್ದು.
5. ‘ಫರ್ಮ್‌ವೇರ್ ಅಪ್‌ಡೇಟ್’ ಇದ್ದರೆ ಮಾಡಿಕೊಳ್ಳಿ. ಅದು ನಡೆಯುವಾಗ ಕರೆಂಟ್ ಹೋಗಬಾರದು, ಹೋದರೆ ಪೆಟ್ಟಿಗೆಯೇ ಕೆಡಬಹುದು. ಲೋಡ್‌ಶೆಡ್ಡಿಂಗ್ ವೇಳೆ ನೋಡಿಕೊಂಡು ಮಾಡಿ.

ಪಾಸ್‌ವರ್ಡ್ ಕನಿಷ್ಠ ಹನ್ನೆರಡು ಅಕ್ಷರ ಇರಲಿ. ಹುಟ್ಟಿದ ದಿನ, ಮೊಬೈಲ್ ನಂಬರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಮೂರು-ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಬರೆದರೆ ನಮಗೆ ನೆನಪಿರುತ್ತದೆ, ಬೇರೆಯವರಿಗೆ ಊಹಿಸುವುದು ಕಷ್ಟ.

‘ನಮ್ಮ ಮನೆಯಲ್ಲಿ ಕದಿಯಲು ಏನಿದೆ’ ಎನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಕಳಿಸಿದ ಇಮೇಲು ನವಿ ಮುಂಬಯಿಯ ಒಂದು ಮನೆಯ ಕೀಲಿ ಹಾಕದ ವೈಫೈ ಮೂಲಕ ಹೋಗಿತ್ತು. ಕಳಿಸಿದವರು ಬೇರೆ. ಆದರೆ ತನಿಖೆಯವರು ಮೊದಲು ಬಂದದ್ದು ಆ ಮನೆಯ ಬಾಗಿಲಿಗೆ. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಮೊದಲು ಉತ್ತರ ಕೊಡಬೇಕಾದವರು ಅವರು.

ಇನ್ನೊಂದು ಎಚ್ಚರಿಕೆ. ಪಾಸ್‌ವರ್ಡ್ ಮರೆತರೆ ಹಿಂದಿನ ಸಣ್ಣ ತೂತಿನಲ್ಲಿ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಹಿಡಿದರೆ ‘ರೀಸೆಟ್’ ಆಗುತ್ತದೆ. ಆದರೆ ಕಂಪನಿಯವರು ಒಳಗೆ ಬರೆದಿಟ್ಟ ಕನೆಕ್ಷನ್ನಿನ ಯೂಸರ್ ಹೆಸರು, ಪಾಸ್‌ವರ್ಡೂ ಅಳಿಸಿಹೋಗಬಹುದು. ಅವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳದೆ ಪಿನ್ನು ಚುಚ್ಚಬೇಡಿ.

ಎಲ್ಲಿ ಇಡಬೇಕು?

ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ಬಯಲಿಗೆ ಇಡಿ. ನಮ್ಮ ಕಡೆಯ ಹಳೆಯ ವಾಡೆಗಳ ಕಲ್ಲು-ಮಣ್ಣಿನ ದಪ್ಪ ಗೋಡೆ ವೈಫೈಯನ್ನು ಹೀರಿಕೊಳ್ಳುತ್ತದೆ. ಕಬ್ಬಿಣದ ಕಪಾಟಿನ ಒಳಗೆ ಇಟ್ಟರೆ ಹೊರಗೆ ಏನೂ ಬರುವುದಿಲ್ಲ. ಎರಡು ಹೆಸರು ಕಂಡರೆ ಗಲಿಬಿಲಿ ಬೇಡ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಸಿಡಿಲು ಗುಡುಗಿನ ವೇಳೆ ಪ್ಲಗ್ಗು ತೆಗೆಯುವುದೇ ಒಳ್ಳೆಯದು.

ಬಾಡಿಗೆದಾರರು, ಬೀಗರು, ಹಬ್ಬಕ್ಕೆ ಬಂದವರಿಗೆ ‘ಗೆಸ್ಟ್ ನೆಟ್‌ವರ್ಕ್’ ಚಾಲೂ ಮಾಡಿ ಬೇರೆ ಕೀಲಿ ಕೊಡಿ. ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಡಿಸ್ಕು ಕಾಣುವುದಿಲ್ಲ. ಕಾಣುವುದಿಲ್ಲವೆಂಬುದನ್ನು ಒಮ್ಮೆ ನೀವೇ ಬೇರೆ ಮೊಬೈಲಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಿ.

ರೌಟರಿಗೆ ಡಿಸ್ಕ್ ಹಚ್ಚುವುದು

ಎಲ್ಲ ರೌಟರುಗಳಲ್ಲಿ ಯುಎಸ್‌ಬಿ ತೂತು ಇರುವುದಿಲ್ಲ. ಇದ್ದರೆ ಅದಕ್ಕೆ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಹಚ್ಚಿ ಮನೆಯವರೆಲ್ಲ ಬಳಸುವ ಒಂದು ಕಪಾಟು ಮಾಡಿಕೊಳ್ಳಬಹುದು. ಕೆಳಗಿನವನ್ನು ನೋಡಿಕೊಳ್ಳಿ.

ಕರೆಂಟು: ಯುಎಸ್‌ಬಿ 2.0 ತೂತು ಕೊಡುವುದು ಅರ್ಧ ಆಂಪಿಯರ್, 3.0 ಕೊಡುವುದು 0.9 ಆಂಪಿಯರ್. ತಿರುಗುವ ಹಾರ್ಡ್‌ಡಿಸ್ಕಿಗೆ ಇದು ಕೆಲವೊಮ್ಮೆ ಸಾಲದು. ಡಿಸ್ಕು ‘ಟಿಕ್ ಟಿಕ್’ ಎಂದು ಮತ್ತೆ ಮತ್ತೆ ಶುರುವಾಗುತ್ತಿದ್ದರೆ ಕೂಡಲೇ ತೆಗೆಯಿರಿ. ತನ್ನದೇ ಅಡಾಪ್ಟರ್ ಇರುವ ಡಿಸ್ಕ್ ಅಥವಾ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಮೇಲು.

ಫಾರ್ಮ್ಯಾಟು: ‘ಫ್ಯಾಟ್32’ ಆದರೆ ಎಲ್ಲ ರೌಟರಿಗೂ ತಿಳಿಯುತ್ತದೆ, ಆದರೆ 4 ಜಿಬಿಗಿಂತ ದೊಡ್ಡ ಒಂದು ಫೈಲನ್ನು ಹಿಡಿಸುವುದಿಲ್ಲ. ಮದುವೆಯ ವಿಡಿಯೊ ನಡುವೆ ನಿಂತುಹೋಗುವುದು ಇದಕ್ಕೇ. ‘ಎನ್‌ಟಿಎಫ್‌ಎಸ್’ ಬಹಳ ರೌಟರುಗಳಿಗೆ ತಿಳಿಯುತ್ತದೆ. ‘ಎಕ್ಸ್‌ಫ್ಯಾಟ್’ ಕೆಲವಕ್ಕೆ ತಿಳಿಯುವುದಿಲ್ಲ. ಡಿಸ್ಕ್ ತುಂಬುವ ಮೊದಲೇ ಹಚ್ಚಿ ಪರೀಕ್ಷಿಸಿ.

ಹಂಚಿಕೆ: ರೌಟರಿನ ಪುಟದಲ್ಲಿ ‘ಯುಎಸ್‌ಬಿ’ ಅಥವಾ ‘ಸ್ಟೋರೇಜ್ ಶೇರಿಂಗ್’ ಎಂಬ ಭಾಗಕ್ಕೆ ಹೋಗಿ ‘ಸಾಂಬಾ’ ಅಥವಾ ‘ಎಸ್‌ಎಮ್‌ಬಿ’ ಚಾಲೂ ಮಾಡಿ. ಅಲ್ಲಿ ಹೆಸರು-ಪಾಸ್‌ವರ್ಡ್ ಕೇಳುವಂತೆ ಮಾಡಿ. ಕೆಲವು ರೌಟರು ಮೊದಲಿಗೆ ಎಲ್ಲರಿಗೂ ತೆರೆದಿಟ್ಟಿರುತ್ತವೆ. ಸಾಧ್ಯವಿದ್ದರೆ ಇಬ್ಬರಿಗೆ ಮಾತ್ರ ಬರೆಯುವ ಅಧಿಕಾರ ಇಟ್ಟು, ಉಳಿದವರಿಗೆ ಓದುವುದಕ್ಕೆ ಮಾತ್ರ ಕೊಡಿ. ರೆಕಾರ್ಡ್ ರೂಮಿನ ನಿಯಮವೂ ಇದೇ ಆಗಿತ್ತು. ‘ಎಫ್‌ಟಿಪಿ’ ಬೇಡ, ಅದು ಪಾಸ್‌ವರ್ಡನ್ನು ಮರೆಮಾಡದೆ ಕಳಿಸುತ್ತದೆ.

ತೆರೆಯುವುದು: ವಿಂಡೋಸ್ ಕಂಪ್ಯೂಟರಿನಲ್ಲಿ ಫೋಲ್ಡರ್ ಕಿಟಕಿಯ ಮೇಲಿನ ಪಟ್ಟಿಯಲ್ಲಿ ಎರಡು ಹಿಮ್ಮುಖ ಗೆರೆ ಹಾಕಿ ವಿಳಾಸ ಬರೆಯಿರಿ, \\192.168.1.1 ಹೀಗೆ. ಐಫೋನಿನಲ್ಲಿ ‘ಫೈಲ್ಸ್’ ಆಪಿನೊಳಗೆ ‘ಕನೆಕ್ಟ್ ಟು ಸರ್ವರ್’ ಇದೆ. ಆಂಡ್ರಾಯ್ಡಿನಲ್ಲಿ ಕೆಲವು ಫೈಲ್ ಮ್ಯಾನೇಜರುಗಳಲ್ಲಿ ‘ನೆಟ್‌ವರ್ಕ್ ಸ್ಟೋರೇಜ್’ ಎಂದಿರುತ್ತದೆ.

ಇಲ್ಲಿ ಕೆಲವರಿಗೆ ಬರುವ ತೊಂದರೆ, ಹೊಸ ಕಂಪ್ಯೂಟರಿನಲ್ಲಿ ಹಳೆಯ ರೌಟರಿನ ಡಿಸ್ಕು ತೆರೆಯುವುದಿಲ್ಲ. ಹಳೆಯ ರೌಟರಿಗೆ ‘ಎಸ್‌ಎಮ್‌ಬಿ’ಯ ಒಂದನೇ ಆವೃತ್ತಿ ಮಾತ್ರ ಗೊತ್ತು. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ವೈರಸ್ಸು ಆ ಆವೃತ್ತಿಯಲ್ಲಿದ್ದ ಬಿರುಕಿನಿಂದಲೇ ಹೊಕ್ಕು ಜಗತ್ತಿನಾದ್ಯಂತ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಅದೇ ವರ್ಷದ ಕೊನೆಯಿಂದ ವಿಂಡೋಸ್ 10ರ ಹೊಸ ಕಂತುಗಳಲ್ಲಿ ಈ ಆವೃತ್ತಿಯನ್ನು ತಾನಾಗಿ ಹಾಕುವುದನ್ನು ನಿಲ್ಲಿಸಿದರು. ಯಾರಾದರೂ ಹುಡುಗರು ‘ಅದನ್ನು ಮತ್ತೆ ಚಾಲೂ ಮಾಡಿಕೊಡ್ತೀನಿ’ ಎಂದರೆ ಬೇಡ ಎನ್ನಿ. ಫರ್ಮ್‌ವೇರ್ ಬದಲಿಸಿ ನೋಡಿ. ಆಗದಿದ್ದರೆ ಡಿಸ್ಕನ್ನು ಕಂಪ್ಯೂಟರಿಗೇ ಹಚ್ಚಿ ಬಳಸಿ.

ತೆಗೆಯುವ ರೀತಿ

ನಾವು ಎಡವಿದ್ದು ಇಲ್ಲಿ. ಫೈಲು ಕಳಿಸಿದ ಕೂಡಲೇ ಅದು ಡಿಸ್ಕಿನಲ್ಲಿ ಕುಳಿತಿರುವುದಿಲ್ಲ. ಸ್ವಲ್ಪ ಹೊತ್ತು ರೌಟರಿನ ನೆನಪಿನಲ್ಲಿ ನಿಂತು ಆಮೇಲೆ ಬರೆಯಲ್ಪಡುತ್ತದೆ. ಜೊತೆಗೆ ಯಾವ ಫೈಲು ಎಲ್ಲಿದೆ ಎಂಬ ಅನುಕ್ರಮಣಿಕೆಯೂ ಬರೆಯಲ್ಪಡುತ್ತಿರುತ್ತದೆ. ನಡುವೆ ಕಿತ್ತರೆ ಅನುಕ್ರಮಣಿಕೆ ಹರಿದುಹೋಗುತ್ತದೆ. ಕಾಗದ ಕಪಾಟಿನಲ್ಲಿಯೇ ಇರುತ್ತದೆ, ಹುಡುಕುವ ರಿಜಿಸ್ಟರ್ ಇರುವುದಿಲ್ಲ.

ಆದ್ದರಿಂದ ರೌಟರಿನ ಪುಟದಲ್ಲಿ ‘ಸೇಫ್ಲಿ ರಿಮೂವ್’ ಅಥವಾ ‘ಇಜೆಕ್ಟ್’ ಒತ್ತಿದ ಮೇಲೆಯೇ ತೆಗೆಯಿರಿ. ಆ ಗುಂಡಿ ಸಿಗದಿದ್ದರೆ ಕಾಪಿ ಮುಗಿದು ಐದು ನಿಮಿಷ ಕಾದು, ರೌಟರನ್ನೇ ಬಂದ್ ಮಾಡಿ ತೆಗೆಯಿರಿ. ಕರೆಂಟ್ ಹಠಾತ್ತನೆ ಹೋದರೂ ಇದೇ ಹಾನಿ ಆಗಬಹುದು. 12 ವೋಲ್ಟಿನ ರೌಟರುಗಳಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರ್ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ.

ಹೀಗಿದ್ದೂ ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆ ಬಂದರೆ ‘ಇಲ್ಲ’ ಎನ್ನಿ. ಡಿಸ್ಕಿಗೆ ಹೊಸದೇನೂ ಬರೆಯದೆ ತೆಗೆದಿಟ್ಟು, ಫೈಲು ಹಿಂದಕ್ಕೆ ತೆಗೆಯಲು ಬಲ್ಲವರ ಹತ್ತಿರ ಒಯ್ಯಿರಿ. ನಾವು ಆ ದಿನ ಸುಮ್ಮನೆ ಕೈ ಹಿಂತೆಗೆದಿದ್ದರೆ ಆರು ಪದಗಳು ಉಳಿಯುವ ಸಾಧ್ಯತೆ ಇತ್ತು.

‘ನಮ್ಮ ಮನ್ಯಾಗ ಯಾಕ ಕಾಣಲ್ಲ?’

ನಿಲಂಗಾದ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿ, “ಉಮರಗಾದ ಡಿಸ್ಕ್ ನಮ್ಮ ಮನ್ಯಾಗ ಯಾಕ ಕಾಣಲ್ಲರೀ? ನಾವೂ ಚಂದಾ ಕೊಟ್ಟೇವಲ್ಲ?” ಎಂದು ಕೇಳಿದರು. ಚಂದಾಕ್ಕೂ ಇದಕ್ಕೂ ಸಂಬಂಧವಿಲ್ಲ. ರೌಟರಿನ ಡಿಸ್ಕು ಆ ರೌಟರಿನ ವೈಫೈ ಒಳಗಿರುವವರಿಗೆ ಮಾತ್ರ. 192.168 ಎಂದು ಶುರುವಾಗುವ ವಿಳಾಸ ಮನೆಯ ಒಳವಿಳಾಸ. ‘ಅಡಿಗೆ ಮನೆಯ ಎರಡನೇ ಗೂಡು’ ಎಂದಂತೆ, ಅದು ಪ್ರತಿ ಮನೆಯಲ್ಲೂ ಇರುತ್ತದೆ.

ಹೊರಗಿನಿಂದ ತೆರೆಯುವಂತೆ ಮಾಡಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ರೌಟರಿನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’, ‘ರಿಮೋಟ್ ಆಕ್ಸೆಸ್’ ಎಂಬ ಅನುಕೂಲಗಳಿವೆ. ಡಿಸ್ಕಿಗಾಗಿ ಅವನ್ನು ತೆರೆಯಬೇಡಿ. ಹಾಗೆ ತೆರೆದ ಬಾಗಿಲುಗಳನ್ನು ಹಗಲೂ ರಾತ್ರಿ ತಡವುತ್ತ ತಿರುಗುವ ಪ್ರೋಗ್ರಾಮುಗಳಿವೆ. ಮೇಲಾಗಿ ಈಗ ಅನೇಕ ಕಂಪನಿಗಳು ಬಹಳ ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಕೊಡುವುದರಿಂದ ಅದು ನಡೆಯುವುದೂ ಇಲ್ಲ. ಊರಿಂದ ಊರಿಗೆ ಹಂಚಬೇಕಾದದ್ದನ್ನು ಗೂಗಲ್ ಡ್ರೈವಿನಂಥ ಜಾಗದಲ್ಲಿ, ಹೆಸರಿಟ್ಟು ಆಯ್ದ ಸದಸ್ಯರಿಗೆ ಮಾತ್ರ ಹಂಚುವುದು ಸರಿಯಾದ ದಾರಿ. ಅಲ್ಲಿ ಒಂದು ಖಾತೆಗೆ ಪುಕ್ಕಟೆ ಸಿಗುವುದು 15 ಜಿಬಿ. ನಮ್ಮ ಧ್ವನಿ ಫೈಲುಗಳಿಗೆ ಅದು ಸಾಕು.

ಮೂರು ಊರು, ಮೂರು ಪ್ರತಿ

1993ರ ಸೆಪ್ಟೆಂಬರ್ 30ರ ನಸುಕು ನಮ್ಮ ಭಾಗದ ಯಾರೂ ಮರೆಯುವುದಿಲ್ಲ. ಗಣಪತಿ ಕಳಿಸಿ ಮಲಗಿದ್ದ ಜನ. ಬೆಳಗಿನ ನಾಲ್ಕಕ್ಕೆ ಸ್ವಲ್ಪ ಮುಂಚೆ ಕಿಲ್ಲಾರಿಯ ನೆಲ ನಡುಗಿತು. ಔಸಾ, ಉಮರಗಾ ತಾಲೂಕುಗಳ ಹಳ್ಳಿ ಹಳ್ಳಿಗಳೇ ಕಲ್ಲು-ಮಣ್ಣಿನ ಗೋಡೆಯ ಅಡಿ ಸೇರಿದವು. ಸಾವಿರಾರು ಜನ ಹೋದರು. ಉಳಿದವರು ಮುಂದೆ ಗುರುತು ತೋರಿಸಲು ಕಾಗದ ಹುಡುಕಿದರೆ, ಕಾಗದವಿದ್ದ ಟ್ರಂಕೂ ಅದೇ ಗೋಡೆಯ ಅಡಿ ಇತ್ತು. ಸತ್ತ ಮಗನ ಒಂದು ಫೋಟೊ ಸಹ ಇಲ್ಲದ ತಂದೆ-ತಾಯಿಯರನ್ನು ನಾವು ಕಂಡಿದ್ದೇವೆ. ಎಷ್ಟೇ ಗಟ್ಟಿ ಕಪಾಟಾದರೂ ಒಂದೇ ಕಪಾಟನ್ನು ನಂಬಬಾರದು ಎಂಬ ಪಾಠ ನಮಗೆ ಯಾವ ಕಂಪ್ಯೂಟರ್ ಪುಸ್ತಕದಿಂದಲೂ ಬಂದದ್ದಲ್ಲ.

ಹಂಚಿಕೆಯ ಡಿಸ್ಕು ಬ್ಯಾಕಪ್ ಅಲ್ಲ. ಒಬ್ಬರು ತಪ್ಪಿ ಅಳಿಸಿದರೆ ಎಲ್ಲರಿಗೂ ಅಳಿಸುತ್ತದೆ. ಒಬ್ಬರ ಕಂಪ್ಯೂಟರಿಗೆ ವೈರಸ್ಸು ಬಂದರೆ ಹಂಚಿಕೆಯ ಫೋಲ್ಡರಿಗೂ ಬೀಗ ಬೀಳಬಹುದು. ಬಲ್ಲವರು ಹೇಳುವ ಸೂತ್ರ ಸರಳ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನಮಗಂತೂ ದೇವರು ಮೂರು ಊರು ಕೊಟ್ಟಿದ್ದಾನೆ. ಬಳಕೆಯ ಡಿಸ್ಕ್ ಉಮರಗಾದ ಕಚೇರಿಯಲ್ಲಿ. ಎರಡನೆಯದು ನಿಲಂಗಾದಲ್ಲಿ, ಮೂರನೆಯದು ಉದಗೀರದಲ್ಲಿ, ಎರಡೂ ಯಾವ ಯಂತ್ರಕ್ಕೂ ಹಚ್ಚದೆ ಕಪಾಟಿನಲ್ಲಿ. ಮೂರು ತಿಂಗಳ ಸಭೆಗೆ ಬರುವಾಗ ಆ ಡಿಸ್ಕುಗಳನ್ನು ತಂದು, ಹೊಸದನ್ನು ಸೇರಿಸಿ, ಮೂರ್ನಾಲ್ಕು ಫೈಲು ತೆರೆದು ನೋಡಿ ಹಿಂದಕ್ಕೆ ಒಯ್ಯಬೇಕೆಂದು ಕಾರ್ಯಕಾರಿ ಸಮಿತಿ ಒಪ್ಪಿದೆ. ಗೂಗಲ್ ಡ್ರೈವಿನ ಪ್ರತಿ ಇದಕ್ಕೆ ಹೆಚ್ಚಿನದು.

ಮನೆಗಳಲ್ಲಿಯೂ ಹೀಗೇ ಮಾಡಬಹುದು. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲಿದ್ದವು. ಹಲವು ಮನೆಗಳಲ್ಲಿ ಅಜ್ಜನ ಕಾಲದ ಉರ್ದು ಕಾಗದಗಳು ಇನ್ನೂ ಇವೆ. ಅವನ್ನು ಫೋಟೊ ತೆಗೆದು ಒಂದು ಪ್ರತಿಯನ್ನು ಬೇರೆ ಊರಿನ ಮಗಳ ಮನೆಯಲ್ಲಿಡಿ. ಮೂಲ ಕಾಗದವನ್ನು ಮಾತ್ರ ಬಿಸಾಡಬೇಡಿ.

ಫೈಲಿಗೆ ಹೆಸರು

ವರ್ಷ ಮೊದಲು, ಆಮೇಲೆ ತಿಂಗಳು, ದಿನ, ಊರು, ವಿಷಯ. ಉದಾಹರಣೆಗೆ ‘2019-11-01 ಉಮರಗಾ ರಾಜ್ಯೋತ್ಸವ’. ಹೀಗೆ ಬರೆದರೆ ಪಟ್ಟಿ ತಾನಾಗಿ ಕಾಲಕ್ರಮಕ್ಕೆ ಬರುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಸ್ಮರಣ ಸಂಚಿಕೆ, ಠರಾವುಗಳಿದ್ದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಇಡಿ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಬೇಕು.

ಕೊನೆಯದಾಗಿ, ಕೀಲಿ ಯಾರ ಹತ್ತಿರ?

ನಮಗೀಗ ಅರವತ್ತು ದಾಟಿದೆ. ಕಚೇರಿಯ ಪಾಸ್‌ವರ್ಡುಗಳು ಇಷ್ಟು ದಿನ ನಮ್ಮ ತಲೆಯಲ್ಲಿ ಮಾತ್ರ ಇದ್ದವು. ನಾಳೆ ನಮಗೇನಾದರೂ ಆದರೆ ಸಂಘದ ಇಷ್ಟು ವರ್ಷದ ಗಂಟು ಬೀಗದೊಳಗೇ ಉಳಿಯುತ್ತಿತ್ತು. ಈಗ ಅವನ್ನೆಲ್ಲ ಒಂದು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಅರಗು ಹಚ್ಚಿ ಖಜಾಂಚಿಯವರ ಹತ್ತಿರ ಕೊಟ್ಟಿದ್ದೇವೆ. ಬದಲಿಸಿದಾಗಲೆಲ್ಲ ಹೊಸ ಲಕೋಟೆ. ತಮ್ಮ ಮನೆಗಳಲ್ಲಿಯೂ ಹೀಗೆ ಮಾಡಿ, ಲಕೋಟೆ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ.

ಮುಂದಿನ ಮಾಸಿಕ ಸಭೆಯ ನಂತರ ಉಮರಗಾ ಕಚೇರಿಯಲ್ಲಿ ಒಂದು ಗಂಟೆ ಇದನ್ನೆಲ್ಲ ಮಾಡಿ ತೋರಿಸಲಾಗುವುದು. ತಮ್ಮ ರೌಟರಿನ ತಳದ ಚೀಟಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ, ಆದರೆ ಅದನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹಾಡು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿ. ಅಂದು ಉಳಿದ 17 ಪದಗಳನ್ನು ಕೇಳಿಸುತ್ತೇವೆ. ಕಳೆದುಹೋದ ಆರರಲ್ಲಿ ಯಾವುದಾದರೂ ಯಾರಿಗಾದರೂ ಬರುತ್ತಿದ್ದರೆ, ರೆಕಾರ್ಡ್ ಮಾಡಿಕೊಳ್ಳಲು ನಾವು ತಯಾರಿದ್ದೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ